ದೊಡ್ಡದು ಮಾಡಬಾರದ ದೀಪ

ನಮ್ಮ ಮನೆಯಲ್ಲಿ ಯಾವ ವಸ್ತುವೂ ಯಾರೊಬ್ಬರದೂ ಅಲ್ಲ. ಎಲ್ಲವೂ ಮನೆಯದು. ತವರಿನಿಂದ ನಾನು ತಂದ ತಾಮ್ರದ ಕೊಡ ಮನೆಯದು, ನನ್ನ ಸಂಬಳದಲ್ಲಿ ಬಂದ ಮಿಕ್ಸಿ ಮನೆಯದು, ನನ್ನ ಹೂವಿನ ಛತ್ರಿಯೂ ಮನೆಯದಾಗಿ ಮಳೆಗಾಲ ಪೂರ್ತಿ ಗಂಡನ ತಲೆಯ ಮೇಲೆ ಗಾಂಧಿ ಗಂಜದ ಧಾನ್ಯದ ಪೇಟೆಯಲ್ಲಿ ಓಡಾಡುತ್ತದೆ. ಅವರು ಅಲ್ಲಿ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ನೋಡುತ್ತಾರೆ. ತೊಗರಿ ಚೀಲಗಳ ನಡುವೆ ಗುಲಾಬಿ ಛತ್ರಿ ಬಂದರೆ ಹಮಾಲರು ನಗುತ್ತಾರಂತೆ, ಅವರಿಗೆ ಏನೂ ಅನ್ನಿಸುವುದಿಲ್ಲವಂತೆ. ನನಗೆ ಅನ್ನಿಸುತ್ತದೆ. ಮದುವೆಯಾಗಿ ಇಷ್ಟು ವರ್ಷವಾದರೂ ‘ಇದು ನಂದು’ ಎಂದು ಬೆರಳು ತೋರಿಸಲು ಆ ಮನೆಯಲ್ಲಿ ಒಂದಾದರೂ ಬೇಕು ಎಂಬ ಹಟ ನನ್ನೊಳಗೆ ಬೆಳೆಯುತ್ತಲೇ ಇತ್ತು. ಕೊನೆಗೆ ಆ ಹಟ ನೀರು ತುಂಬಿಕೊಂಡು ನಡುಮನೆಯಲ್ಲೇ ಬಂದು ಕುಳಿತುಕೊಂಡಿತು.

ಅದಕ್ಕೆ ಕಾರಣ ನನ್ನ ದವಡೆ ಹಲ್ಲು. ಬೀದರಿನ ಹಲ್ಲಿನ ದವಾಖಾನೆಯಲ್ಲಿ ಪಾಳಿ ಕಾಯುತ್ತ ಕುಳಿತಾಗ ಎದುರಿಗೆ ಒಂದು ಅಕ್ವೇರಿಯಂ ಇತ್ತು. ಪ್ಲಾಸ್ಟಿಕ್ ಹೂವು, ಗುಳ್ಳೆ ಬಿಡುವ ಗೊಂಬೆಯ ಪೈಕಿ ಅಲ್ಲ. ನಿಜವಾದ ಗಿಡಗಳು ನೀರೊಳಗೆ ನಿಂತು, ಮೇಲಿನ ಬೆಳಕಿಗೆ ಮುಖ ಮಾಡಿ, ಎಲೆಯ ಅಂಚಿನಿಂದ ಸಣ್ಣ ಗುಳ್ಳೆಗಳನ್ನು ಬಿಡುತ್ತಿದ್ದವು. ನನ್ನ ಹೆಸರು ಕೂಗಿದ್ದೇ ಕೇಳಿಸಲಿಲ್ಲ. ನನ್ನ ನಂತರ ಬಂದವರೆಲ್ಲ ಹಲ್ಲು ಕೀಳಿಸಿಕೊಂಡು ಹೋದರು. ನಾನು ಭಾಲ್ಕಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ದಿನವೂ ಬೀದರಿನಿಂದ ಬಸ್ಸಿನಲ್ಲಿ ಹೋಗಿಬಂದು, ಇಡೀ ದಿನ ಗದ್ದಲ ಕೇಳಿದವಳಿಗೆ ಸದ್ದಿಲ್ಲದೆ ಬದುಕುವ ಈ ಗಿಡ, ಮೀನುಗಳ ಮೇಲೆ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಗಾಜಿನ ತೊಟ್ಟಿ ಮನೆಗೆ ಬಂದ ದಿನ ಅತ್ತೆ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ ಪರೀಕ್ಷಿಸಿದರು. ಅವರು ಔರಾದ ಕಡೆಯವರು, ಕುರಿ ಸಾಕುವ ಮನೆಯಲ್ಲಿ ಬೆಳೆದವರು. ಯಾವ ಜೀವ ಮನೆಗೆ ಬಂದರೂ ಅದರಿಂದ ಏನು ಹುಟ್ಟುತ್ತದೆ ಎಂದು ಮೊದಲು ಕೇಳುವುದು ಅವರ ರೂಢಿ.

“ಇದರಾಗಿನ ತೊಪ್ಪಲ ತಿನ್ನಾಕ ಬರ್ತದೇನು?”

“ಇಲ್ರಿ ಅತ್ತಿ.”

“ಮೀನ?”

“ಇಲ್ರಿ.”

“ಮತ್ತ ಯಾಕ ತಂದಿ?”

“ನೋಡ್ಲಾಕ.”

ಅತ್ತೆ ತೊಟ್ಟಿಯನ್ನು ಬಿಟ್ಟು ನನ್ನನ್ನು ನೋಡಿದರು. ಪುಂಡಿಯಲ್ಲ, ಹತ್ತರಕಿಯಲ್ಲ, ಒಂದು ಹಿಡಿ ಪಲ್ಯಕ್ಕೂ ಬಾರದ ಸೊಪ್ಪಿಗೆ ದೀಪ ಹಾಕಿ ಸಾಕುವ ಸೊಸೆಯನ್ನು ಅವರು ಅದೇ ಮೊದಲು ಕಂಡಿದ್ದು. ಅದರ ಮೇಲೆ ತೊಟ್ಟಿ ಬಂದು ನಿಂತದ್ದು ಅವರ ಮಂಚದ ಕಾಲದೆಸೆಗೇ. ಬೇರೆಲ್ಲೂ ಗೋಡೆ ಖಾಲಿ ಇರಲಿಲ್ಲ.

ಇನ್ನು ನನ್ನ ಜಾಣತನ ಕೇಳಿ. ಗಿಡಕ್ಕೆ ಬೆಳಕು ಬೇಕು ಎಂದು ಅಂಗಡಿಯವನು ಹೇಳಿದ್ದ. ಬೇಕು ಎಂದ ಮೇಲೆ ಕೈ ಬಿಗಿಹಿಡಿದು ಕೊಡುವುದೇಕೆ ಎಂದು ನಾನು ಬೆಳಗ್ಗೆ ಎದ್ದೊಡನೆ ಎಲ್ಇಡಿ ಹಚ್ಚಿದರೆ ಮಲಗುವಾಗಲೇ ಆರಿಸುತ್ತಿದ್ದೆ. ಸಾಲದೆಂದು ಕಿಟಕಿಯ ಪರದೆಯನ್ನೂ ಸರಿಸಿಟ್ಟಿದ್ದೆ. ಗಿಡಗಳು ಬೆಳೆಯುವ ಮೊದಲೇ ಪಾಚಿ ಬೆಳೆಯಿತು. ಮೊದಲು ಗಾಜಿನ ಮೇಲೆ, ಆಮೇಲೆ ಎಲೆಗಳ ಮೇಲೆ, ಕೊನೆಗೆ ನೀರೇ ಹಸಿರಾಗಿ ಮೀನುಗಳು ಪಲ್ಯದ ಸಾರಿನಲ್ಲಿ ಈಜುವಂತೆ ಕಾಣತೊಡಗಿತು. ಬೆಳಕು ಗಿಡಕ್ಕೂ ಊಟ, ಪಾಚಿಗೂ ಊಟ; ಜಾಸ್ತಿ ಬಡಿಸಿದರೆ ಗಿಡ ಸಾಕೆನ್ನುತ್ತದೆ, ಪಾಚಿ ಎಂದೂ ಸಾಕೆನ್ನುವುದಿಲ್ಲ. ಇದು ಆಗ ನನಗೆ ಗೊತ್ತಿರಲಿಲ್ಲ.

ಹಸಿರು ನೀರು ನಾರತೊಡಗಿತು; ಆ ವಾಸನೆಯ ಹತ್ತಿರ ಮಲಗುತ್ತಿದ್ದವರು ಅತ್ತೆ. ಅವರು ಜಗಳವಾಡಲಿಲ್ಲ, ಕರಾರು ಹಾಕಿದರು.

“ಈ ಸಲ ತೊಳದು ಸಾಫ್ ಮಾಡ್ಕೊ. ಇನ್ನೊಮ್ಮಿ ಹಸರ ಆತಂದ್ರ ಕಮಠಾಣದಾಂವ ಬಂದು ಒಯ್ಯಲಿ.”

ಕಮಠಾಣದವನು ಎಂದರೆ ಅವರ ತಂಗಿಯ ಮಗ. ಅಲ್ಲಿ ಚಹಾದ ಹೋಟೆಲು ಇಟ್ಟಿದ್ದಾನೆ. ತೊಟ್ಟಿ ಬಂದ ವಾರವೇ ಬಂದು ನೋಡಿ, ಇಂಥ ಗಾಜಿನ ಪೆಟ್ಟಿಗೆಯಲ್ಲಿ ಖಾರಿ, ಟೋಸ್ಟು ಇಟ್ಟರೆ ನೊಣ ಕೂಡುವುದಿಲ್ಲ, ಗಿರಾಕಿಗೂ ಕಾಣುತ್ತದೆ ಎಂದು ಕಣ್ಣು ಹಾಕಿ ಹೋಗಿದ್ದ. ಮೀನುಗಳನ್ನು ಬಾವಿಗೆ ಬಿಡುತ್ತೇನೆ, ಚಿಂತೆ ಬೇಡ ಎಂದೂ ಧೈರ್ಯ ಹೇಳಿದ್ದ. ನನ್ನದೆಂದು ಇದ್ದ ಒಂದೇ ಒಂದು ವಸ್ತು ಖಾರಿ ಬಿಸ್ಕತ್ತಿನ ಪಾಲಾಗುವುದನ್ನು ನೆನೆದರೆ ನನಗೆ ಬಸ್ಸಿನಲ್ಲಿ ಕುಳಿತಲ್ಲೇ ಸಿಟ್ಟು ಬರುತ್ತಿತ್ತು. ಆದರೂ ಕರಾರಿಗೆ ಒಪ್ಪಿದೆ. ಒಪ್ಪದೆ ದಾರಿ ಇರಲಿಲ್ಲ.

ತೊಟ್ಟಿ ತೊಳೆದಾಯಿತು, ಆಗ ಮನೆಗೆ ಟೈಮರ್ ಬಂತು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ದುಂಡನೆಯ ಡಬ್ಬಿ. ಅದರ ಸುತ್ತ ಸಣ್ಣ ಸಣ್ಣ ಹಲ್ಲುಗಳು. ಯಾವ ಹೊತ್ತಿಗೆ ಬೆಳಕು ಬೇಕೋ ಆ ಹೊತ್ತಿನ ಹಲ್ಲುಗಳನ್ನು ಒತ್ತಿ ಕೆಳಗೆ ಮಾಡಿಟ್ಟರೆ ಲೈಟು ತಾನಾಗಿ ಹತ್ತುತ್ತದೆ, ತಾನಾಗಿ ಆರುತ್ತದೆ. ಒಳಗೊಳಗೇ ಕಿರ್ ಎನ್ನುತ್ತ ತಿರುಗುವ ಅದನ್ನು ಕಂಡು ನನಗೆ ಒಬ್ಬ ಒಳ್ಳೆಯ ಪ್ಯೂನ್ ಸಿಕ್ಕಷ್ಟು ಸಂತೋಷವಾಯಿತು. ಸೂರ್ಯನ ಹಾಗೆಯೇ ಇರಲಿ ಎಂದು ಬೆಳಗ್ಗೆಯಿಂದ ಸಂಜೆ ಕತ್ತಲಾಗುವವರೆಗೆ ಹಲ್ಲು ಒತ್ತಿದೆ.

ಅಂದು ಸಂಜೆ ಅತ್ತೆ ದೇವರ ಮುಂದೆ ದೀಪ ಹಚ್ಚಿ ಕೈ ಮುಗಿದು ತಿರುಗುವುದಕ್ಕೂ ನಡುಮನೆಯ ತೊಟ್ಟಿಯ ಬೆಳಕು ಟಕ್ಕೆಂದು ಹೋಗುವುದಕ್ಕೂ ಸರಿಹೋಯಿತು. ಮನೆಯಲ್ಲಿ ಸಿಡಿಲು ಬಿದ್ದಿದ್ದರೂ ಅವರು ಅಷ್ಟು ಬೆಚ್ಚುತ್ತಿರಲಿಲ್ಲ.

“ಲಕ್ಷ್ಮಿ ಬರೂ ಹೊತ್ತಿನ್ಯಾಗ ಮನ್ಯಾಗಿನ ಬೆಳಕ ಹೋಗ್ತದೇನವ್ವಾ? ಯಾವ ಊರಾಗ ಕಂಡೀದಿ ಇದನ್ನ?”

“ನಾ ಮಾಡಿಲ್ರಿ ಅತ್ತಿ, ಟೈಮರ್ ಮಾಡ್ಯಾದ.”

“ಟೈಮರಿಗಿ ಹೇಳೂರು ಯಾರೂ ಇಲ್ಲೇನು?”

ಗಂಡನ ಕಡೆ ನೋಡಿದೆ. ಅವರು, “ನಿಮ್ಮಿಬ್ಬರ ನಡುವ ನಾ ಯಾಕ ಬರ್ಲಿ?” ಎಂದು ಟಿವಿಯ ಸದ್ದು ಏರಿಸಿದರು. ಗಂಜದಲ್ಲಿ ಖರೀದಿದಾರನಿಗೂ ಮಾರುವವನಿಗೂ ಇಬ್ಬರಿಗೂ ಹೌದು ಎನ್ನುವುದನ್ನು ಕಲಿತವರು, ಮನೆಯಲ್ಲಿ ಅದೂ ದಂಡ ಎಂದು ಬಾಯಿಯನ್ನೇ ಬಿಡುವುದಿಲ್ಲ.

ನಾಲ್ಕು ಕಡೆ ಓದಿ, ಮೊಬೈಲಿನಲ್ಲಿ ನೋಡಿ, ಒಂದು ಉಪಾಯ ಹುಡುಕಿದೆ. ಗಿಡಗಳಿಗೆ ಬೆಳಕು ಒಂದೇ ಸಮನೆ ಸಿಗಬೇಕೆಂದೇನೂ ಇಲ್ಲವಂತೆ. ಮುಂಜಾನೆ ಒಂದಿಷ್ಟು ಹೊತ್ತು ಕೊಟ್ಟು, ಮಧ್ಯಾಹ್ನ ಮಲಗಿಸಿ, ಸಂಜೆ ಮತ್ತೆ ಎಬ್ಬಿಸಬಹುದಂತೆ. ಬೇಸಿಗೆಯಲ್ಲಿ ಬೀದರಿನ ಜನ ಮಾಡುವುದೂ ಅದನ್ನೇ ತಾನೆ. ಎರಡನೆಯ ಪಾಳಿಯನ್ನು ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಶುರುಮಾಡಿ, ರಾತ್ರಿ ಊಟದವರೆಗೆ ಇಟ್ಟೆ. ಅತ್ತೆಗೆ ಒಪ್ಪಿಸುವುದೊಂದೇ ಬಾಕಿ.

“ನೋಡ್ರಿ, ನೀವು ದೇವರ ಮುಂದ ಹಚ್ಚೂ ಹೊತ್ತಿಗೇ ಇದೂ ಹತ್ತತದ.”

“ಹಾಂಗಂದ್ರ ಇದೂ ಒಂದ ದೀಪ ಅಂತೀಯೇನು?”

“ದೀಪನೇರಿ ಅತ್ತಿ. ಮತ್ತೇನು.”

ಕೆಲಸ ಆದರೆ ಸಾಕೆಂದು ಆಡಿದ ಮಾತು. ಅತ್ತೆ ಅದನ್ನು ಅಲ್ಲಿಗೇ ಬಿಡಲಿಲ್ಲ. ಅಂದಿನಿಂದ ದೇವರ ದೀಪಕ್ಕೆ ಕೈ ಮುಗಿದು, ಅದೇ ಕೈಯನ್ನು ತೊಟ್ಟಿಯ ಕಡೆಗೂ ತಿರುಗಿಸಿ ಬರುತ್ತಿದ್ದರು. ಮೀನುಗಳಿಗೆ ಊಟ ಸಿಕ್ಕಷ್ಟೇ ಖುಷಿಯಾಗಿ ಅವು ಗಾಜಿಗೆ ಮುತ್ತುತ್ತಿದ್ದವು.

ಬೇಸಿಗೆಯ ಗಾಳಿ ಶುರುವಾದ ಮೇಲೆ ನನ್ನ ಪ್ಯೂನನ ಬಣ್ಣ ಬಯಲಾಯಿತು. ಕರೆಂಟು ಹೋದರೆ ಟೈಮರೂ ನಿಂತುಬಿಡುತ್ತಿತ್ತು. ಕರೆಂಟು ಬಂದಾಗ ನಡುವೆ ಏನೂ ಆಗಿಲ್ಲವೆಂಬಂತೆ ನಿಂತಲ್ಲಿಂದಲೇ ಮುಂದುವರಿಯುತ್ತಿತ್ತು. ನಮ್ಮಲ್ಲಿ ಕರೆಂಟು ಹೋಗುವ ಪರಿ ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಮುಂಜಾನೆಯ ಬೆಳಕು ಮಧ್ಯಾಹ್ನಕ್ಕೆ ಜಾರಿತು, ಸಂಜೆಯದು ಊಟದ ತಾಟು ತೊಳೆದ ಮೇಲೆ ಬರತೊಡಗಿತು. ಅತ್ತೆ ಕೈ ಮುಗಿಯಲು ನಿಂತು ನಿಂತು ಸಾಕಾಗಿ, “ನಿನ್ನ ದೀಪಕ್ಕ ಭಾಲ್ಕಿ ಬಸ್ಸಿನ ಗತಿ ಆಗ್ಯಾದ ನೋಡು” ಎಂದರು. “ಮೀನಿಗಿ ದುಬೈ ಟೈಮ್ ಹಚ್ಚ್ಯಾಳ” ಎಂದು ಗಂಡ ಸೇರಿಸಿದರು. ಇಂಥ ಮಾತಿಗೆ ಮಾತ್ರ ಅವರು ಟಿವಿಯ ಸದ್ದು ಇಳಿಸುತ್ತಾರೆ. ನಾನು ಸೋಲದೆ, ಒಳಗೆ ಸಣ್ಣ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತಂದೆ. ಕರೆಂಟು ಎಷ್ಟು ಸಲ ಹೋದರೂ ಅದು ಹೊತ್ತು ಮರೆಯುವುದಿಲ್ಲ. ಜೊತೆಗೆ ಬೆಳಕನ್ನು ಹೆಚ್ಚುಕಡಿಮೆ ಮಾಡುವ ಗುಂಡಿಗಳಿದ್ದ ಹೊಸ ಲೈಟೂ ಬಂತು. ಅದನ್ನು ಅರ್ಧಕ್ಕೆ ಇಳಿಸಿಟ್ಟ ಮೇಲೆ ನೀರು ತಿಳಿಯಾಯಿತು. ಗಿಡಗಳು ಕೊನೆಗೂ ಹಲ್ಲಿನ ದವಾಖಾನೆಯಲ್ಲಿ ಕಂಡಂತೆ ಎಲೆಯಂಚಿನಿಂದ ಗುಳ್ಳೆ ಬಿಟ್ಟವು. ಆ ದಿನ ಶಾಲೆಗೆ ಹೋಗಲು ಮನಸ್ಸೇ ಬರಲಿಲ್ಲ.

ಹೀಗೆ ಎಲ್ಲವೂ ನೆಟ್ಟಗಿದ್ದಾಗ ನನಗೆ ಔರಾದಿನಲ್ಲಿ ಒಂದು ವಾರದ ತರಬೇತಿ ಬಂತು. ದಿನಾ ಓಡಾಡುವುದು ಬೇಡ, ತಮ್ಮ ತವರಿಗೆ ಹೋಗಿ ಇರು ಎಂದು ಅತ್ತೆ ಅಪ್ಪಣೆ ಮಾಡಿದರು. ಅವರ ಊರು ಔರಾದಿಗೆ ಹತ್ತಿರ. ಹೊರಡುವಾಗ ನನಗಿದ್ದ ಹೆದರಿಕೆ ಒಂದೇ: ಮನೆಗೆ ಬಂದವರಿಗೆ ತೋರಿಸಲು ಗಂಡ ಗುಂಡಿ ಒತ್ತಿ ಲೈಟನ್ನು ಪೂರಾ ಏರಿಸಿ, ಇಳಿಸಲು ಮರೆತುಬಿಡುತ್ತಿದ್ದರು. ಆದ್ದರಿಂದ ಬಾಗಿಲಲ್ಲಿ ನಿಂತು ಅತ್ತೆಗೆ ಒತ್ತಿ ಹೇಳಿದೆ:

“ಅತ್ತಿ, ಯಾರು ಬಂದ್ರೂ ಲೈಟ್ ದೊಡ್ಡದ ಮಾಡ್ಲಾಕ ಬಿಡಬ್ಯಾಡ್ರಿ.”

“ಬಿಡಂಗಿಲ್ಲ, ಹೋಗಿ ಬಾ,” ಎಂದರು ಅತ್ತೆ. ಅವರು ಮಾತು ಕೊಟ್ಟರೆ ಮುಗಿಯಿತು.

ತರಬೇತಿ ಅರ್ಧವಾಗಿದ್ದಾಗ ಫೋನು ಬಂತು. “ಹುಡುಗಿ, ನೀರ ಜರಾ ಹಸರ ಕಾಣ್ತದ,” ಎಂದರು ಅತ್ತೆ, ಹಾಲಿನವನು ಬರಲಿಲ್ಲ ಎನ್ನುವಷ್ಟು ತಣ್ಣಗೆ. ನನಗೆ ಸಿಟ್ಟು ನೆತ್ತಿಗೇರಿತು. ಕರಾರು ಇವರದೇ, ನೀರು ಇವರ ಕಣ್ಣೆದುರೇ, ಗೆಲ್ಲುವವರೂ ಇವರೇ! ಬೇಕೆಂದೇ ಏನೋ ಮಾಡಿದ್ದಾರೆ, ಪರದೆ ಸರಿಸಿರಬೇಕು, ಮೀನಿಗೆ ರೊಟ್ಟಿ ಮುರಿದು ಹಾಕಿರಬೇಕು. ಆ ದಿನ ತರಬೇತಿಯಲ್ಲಿ ಮಕ್ಕಳಿಗೆ ಸಹನೆಯಿಂದ ಕಲಿಸುವುದು ಹೇಗೆ ಎಂದು ಹೇಳುತ್ತಿದ್ದರು. ನಾನು ಸಹನೆ ಎಂದು ಬರೆದುಕೊಳ್ಳುತ್ತ ಮನಸ್ಸಿನಲ್ಲೇ ಅತ್ತೆಯೊಂದಿಗೆ ಜಗಳವಾಡಿ, ಎರಡೂ ಕಡೆಯ ಮಾತನ್ನು ನಾನೇ ಆಡಿ, ನಾನೇ ಗೆದ್ದೆ.

ಮರುದಿನ ಮುಂಜಾನೆ ಅತ್ತೆಯ ತವರಿನ ಅಂಗಳದಲ್ಲಿ ಹಲ್ಲುಜ್ಜುತ್ತ ನಿಂತಿದ್ದೆ. ಕುರಿಗಳು ಆಗಲೇ ಹೊರಟಿದ್ದವು, ಬಿಸಿಲು ಬಂದಿತ್ತು. ಅತ್ತೆಯ ಅತ್ತಿಗೆ, ಅಂದರೆ ಆ ಮನೆಯ ಯಜಮಾನಿ, ಕಸ ಗುಡಿಸುತ್ತ ನನಗೆ ಹೇಳಿದರು:

“ಯವ್ವಾ, ಹೊತ್ತ ಏರ್ಯಾದ. ಆ ಅಂಗಳದ ಲೈಟ್ ಜರಾ ದೊಡ್ಡದ ಮಾಡು.”

ಹಗಲಿನಲ್ಲಿ ಇನ್ನೂ ದೊಡ್ಡದೇಕೆ ಎಂದುಕೊಳ್ಳುತ್ತ ಗೋಡೆಯಲ್ಲಿ ಹುಡುಕಿದೆ. “ಹ್ಯಾಂಗ ದೊಡ್ಡದ ಮಾಡ್ಲಿರಿ? ಬಟನ್ ಒಂದೇ ಅದ.”

“ಅಯ್ಯ, ಅದನ್ನೇ ಒತ್ತವ್ವಾ. ಒತ್ತಿದ್ರ ಹೋಗ್ತದಲ್ಲ!”

ಒತ್ತಿದೆ. ಬಲ್ಬು ಹೋಯಿತು. ಬಾಯಲ್ಲಿ ಪೇಸ್ಟಿನ ನೊರೆ ಹಾಗೇ ಇಟ್ಟುಕೊಂಡು ನಿಂತುಬಿಟ್ಟೆ.

ದೀಪ ‘ಆರಿಸು’ ಎಂದು ಬಾಯಿಬಿಟ್ಟು ಹೇಳಬಾರದು, ಅಶುಭ. ನನ್ನ ತವರಿನಲ್ಲಿ ದೀಪವನ್ನು ಶಾಂತ ಮಾಡುತ್ತಾರೆ. ಅತ್ತೆಯ ತವರಿನಲ್ಲಿ ದೊಡ್ಡದು ಮಾಡುತ್ತಾರೆ. ಹಾಗೆಂದರೆ ಆರಿಸುವುದು. ಈ ಮಾತನ್ನು ನಾನು ಅತ್ತೆಯ ಬಾಯಲ್ಲೂ ಕೇಳಿದ್ದೆ, ಆದರೆ ದೇವರ ಮುಂದಿನ ಎಣ್ಣೆಯ ದೀಪಕ್ಕೆ ಮಾತ್ರ. ಮನೆಯ ಟ್ಯೂಬ್ ಲೈಟನ್ನು ಅವರೂ ಬಂದ್ ಮಾಡು ಎಂದೇ ಹೇಳುತ್ತಾರೆ. ತೊಟ್ಟಿಯ ಲೈಟಿಗೆ ಆ ಮರ್ಯಾದೆ ಸಿಕ್ಕದ್ದು ‘ದೀಪನೇರಿ’ ಎಂದ ನನ್ನ ಬಾಯಿಯಿಂದ. ಅಂದರೆ ಬಾಗಿಲಲ್ಲಿ ನಿಂತು ನಾನು ಹೇಳಿದ್ದು ಇಷ್ಟು: ಯಾರು ಬಂದರೂ ಈ ದೀಪ ಆರಿಸಲು ಬಿಡಬೇಡಿ.

ನೊರೆ ಉಗುಳಿ ಫೋನು ಹಚ್ಚಿದೆ.

“ಅತ್ತಿ, ಮೀನಿನ ಲೈಟ್ ಏನ್ ಮಾಡೀರಿ?”

“ಏನೂ ಮಾಡಿಲ್ಲ. ನೀ ಹೋದಾಗಿಂದ ಒಮ್ಮಿನೂ ದೊಡ್ಡದ ಮಾಡಿಲ್ಲ,” ಎಂದರು ಹೆಮ್ಮೆಯಿಂದ. “ಆ ನಿನ್ನ ಡಬ್ಬಿ ತಾನೇ ದೊಡ್ಡದ ಮಾಡ್ಲತ್ತಿತ್ತು. ಯಾರು ಅಂದ್ರ ಅದೂ ಬಂತಲ್ಲ? ಅದನ್ನ ಕಿತ್ತಿಸಿ, ಲೈಟ್ ಸೀದಾ ಪ್ಲಗ್ಗಿಗಿ ಹಚ್ಚಿಸೇನಿ.”

ಕಿತ್ತುಕೊಟ್ಟವರು ನನ್ನ ಗಂಡ. ಕೇಳಿದರೆ, “ವಿಚಿತ್ರ ಅನಸ್ತು ಖರೇ. ಮೀನಿನ ಶಾಸ್ತ್ರ ನಿಮಗ ಗೊತ್ತು ಅಂತ ಸುಮ್ಮನಾದೆ,” ಎಂದರು.

ತರಬೇತಿ ಮುಗಿಸಿ ಮನೆಗೆ ಬಂದರೆ ನಡುಮನೆಯಲ್ಲಿ ಹಸಿರು ಬೆಳಕು ತುಂಬಿತ್ತು. ಅಷ್ಟು ಹೊತ್ತಿಗೆ ನನ್ನ ಸಿಟ್ಟು ನಗೆಯಾಗಿತ್ತು, ಬಸ್ಸಿನಲ್ಲಿ ಒಬ್ಬಳೇ ನಕ್ಕು ಪಕ್ಕದವರನ್ನು ಗಾಬರಿಗೊಳಿಸಿಯೇ ಬಂದಿದ್ದೆ. ಆದರೆ ಅತ್ತೆಯನ್ನು ನೋಡಿದಾಗ ನಗು ನಿಂತಿತು. ಕಣ್ಣುಗಳು ಕೆಂಪಾಗಿ ಊದಿದ್ದವು. ಮಂಚದ ಮೇಲೆ ದಿಂಬಿನ ಪಕ್ಕ ಹಳೆಯ ಸೀರೆಯ ಒಂದು ತುಂಡು ಮಡಿಚಿಟ್ಟಿತ್ತು. ಕಾಲದೆಸೆಯಲ್ಲಿ ರಾತ್ರಿಯಿಡೀ ಉರಿಯುವ ಬೆಳಕಿಗೆ ಅದನ್ನು ಕಣ್ಣಿಗೆ ಕಟ್ಟಿಕೊಂಡು ಮಲಗುತ್ತಿದ್ದರಂತೆ.

“ನಿದ್ದಿ ಬರ್ತಿತ್ತೇನ್ರಿ?”

“ಹೊಲದಾಗ ಬಿಸಲಿಗಿ ಮಲಗಿದಂಗ ಆಗ್ತಿತ್ತು. ಇರ್ಲಿ ಬಿಡು. ನೀ ಅಷ್ಟು ಒತ್ತಿ ಹೇಳಿ ಹೋಗಿದ್ದಿ.”

ಇವರು ಗೆಲ್ಲಲೆಂದು ಏನೂ ಮಾಡಿರಲಿಲ್ಲ, ರಾತ್ರಿ ಕೈ ಚಾಚಿ ಬಟನ್ ಒತ್ತಿ ಸುಖವಾಗಿ ಮಲಗಿದ್ದರೆ ನೀರು ತಿಳಿಯಾಗಿಯೇ ಉಳಿದು ನಾನೇ ಗೆಲ್ಲುತ್ತಿದ್ದೆ. ತಮಗೆ ಬೇಡವಾದ ವಸ್ತುವಿಗಾಗಿ ನಿದ್ದೆ ಬಿಟ್ಟವರ ಮೇಲೆ ನಾನು ಒಂದು ದಿನವಿಡೀ ಹಲ್ಲು ಕಡಿದಿದ್ದೆ. ಚಹಾ ಕುಡಿಯುತ್ತ ಎಲ್ಲ ಬಿಡಿಸಿ ಹೇಳಿದೆ. ಗಂಡ ತೊಡೆ ತಟ್ಟಿ ತಟ್ಟಿ ನಕ್ಕರು. ಅತ್ತೆ ನಗಲಿಲ್ಲ. ತೊಟ್ಟಿಯನ್ನೇ ನೋಡುತ್ತ, “ಹಂಗಾದ್ರ ಹಸರ ಮಾಡಿದಾಕಿ ನಾನೇ ಆದೆ,” ಎಂದರು.

ಹಸಿರು ನೀರಿಗೆ ಒಂದು ಮದ್ದಿದೆ. ಕೆಲವು ದಿನ ತೊಟ್ಟಿಗೆ ಒಂದು ಎಳೆ ಬೆಳಕೂ ತಾಕದಂತೆ ಮುಚ್ಚಿಡಬೇಕು. ಪಾಚಿ ಹಸಿವಿಗೆ ಸಾಯುತ್ತದೆ, ಗಿಡ ಹೇಗೋ ತಡೆದುಕೊಳ್ಳುತ್ತದೆ. ನಾನು ಹಾಸಿಗೆಯ ಚಾದರಗಳನ್ನು ಹೊದಿಸಿ ನೋಡಿದೆ, ಎಲ್ಲದರಲ್ಲೂ ಬೆಳಕು ಸೋರುತ್ತಿತ್ತು. ಅತ್ತೆ ಎದ್ದು ತಮ್ಮ ಟ್ರಂಕು ತೆಗೆದು, ನುಸಿಗುಳಿಗೆಯ ವಾಸನೆಯ ಒಂದು ಕರಿ ಕಂಬಳಿ ಹೊರತೆಗೆದರು. ತವರಿನ ಕುರಿಗಳ ಉಣ್ಣೆಯದು, ಅವರ ತಂದೆ ಮಾಡಿಸಿಕೊಟ್ಟದ್ದು. ಚಳಿಗಾಲದಲ್ಲೂ ಅದನ್ನು ಅವರು ಹೊದೆದದ್ದನ್ನು ನಾನು ಕಂಡಿರಲಿಲ್ಲ.

“ಇದ್ರಾಗ ಸೂರ್ಯ ಬಂದ್ರೂ ಹೊಕ್ಕಂಗಿಲ್ಲ,” ಎಂದು ತಾವೇ ಹೊದಿಸಿ, ಮೂಲೆಗಳನ್ನು ಒಳಗೆ ಸಿಕ್ಕಿಸಿದರು. ಆಮೇಲಿನ ದಿನಗಳಲ್ಲಿ ತೊಟ್ಟಿಯ ಮುಂದೆ ಜೋರಾಗಿ ಮಾತಾಡಿದರೂ ನಮ್ಮನ್ನು ಗದರುತ್ತಿದ್ದರು.

ಕಂಬಳಿ ತೆಗೆಯುವ ಹಿಂದಿನ ದಿನ ಬಾಗಿಲ ಮುಂದೆ ಲಗೇಜ್ ಆಟೋ ನಿಂತಿತು. ಕಮಠಾಣದವನು. ನೀರು ಹಸಿರಾದ ಸುದ್ದಿಯನ್ನು ಗಂಡ ನಗೆಯ ಭರದಲ್ಲಿ ಅವನಿಗೂ ಫೋನಿನಲ್ಲಿ ಹೇಳಿಬಿಟ್ಟಿದ್ದರು. ಅತ್ತೆ ಆಗಲೇ ತಿಳಿಸಿದ್ದ ಕರಾರನ್ನು ಅವನು ಮರೆತಿರಲಿಲ್ಲ. ತೊಟ್ಟಿ ಒಡೆಯದಂತೆ ಆಟೋದಲ್ಲಿ ಹುಲ್ಲು ಹಾಸಿಕೊಂಡೇ ಬಂದಿದ್ದ.

“ದೊಡ್ಡವ್ವ, ಹಸರ ಆಗ್ಯಾದಂತಲ್ಲ. ಒಯ್ತೇನಿ ಮತ್ತ,” ಎಂದು ಸೀದಾ ಒಳಗೆ ಬಂದು ಕಂಬಳಿಗೆ ಕೈ ಹಾಕಿದ. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಮಾತು ಮಾತೇ, ಕರಾರಿನ ಪ್ರಕಾರ ಅದು ಅವನದೇ.

“ಕೈ ತೆಗಿ,” ಎಂದರು ಅತ್ತೆ.

“ನೀನೇ ಹೇಳಿದ್ದಿಯಲ್ಲ, ಮತ್ತ ಹಸರಾದ್ರ ಒಯ್ಯಿ ಅಂತ?”

“ಹೇಳಿದ್ದೆ. ನಂದಲ್ಲದ್ದು ನಾ ಹ್ಯಾಂಗ ಕೊಡ್ಲಿ? ಆಕಿಂದು ಅದ. ಆಕಿಗಿ ಕೇಳು.”

ಕಂಬಳಿಯ ಕೆಳಗೆ ನೀರು ತಿಳಿಯಾಗಿದೆಯೋ ಇಲ್ಲವೋ ಆಗ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮರುದಿನ ತೆಗೆದಾಗ ತಿಳಿಯಾಗಿತ್ತು, ಕೆಲವು ಎಲೆ ಕೊಳೆತಿದ್ದವು, ಮೀನುಗಳು ಹಸಿದಿದ್ದವು, ಅಷ್ಟೆ. ಆದರೆ ಆ ಹೊತ್ತಿನಲ್ಲಿ ನನಗೆ ಕೇಳಿಸಿದ್ದು ಅತ್ತೆಯ ಆ ಒಂದು ಮಾತು ಮಾತ್ರ.

ಅವನು ತಲೆ ಕೆರೆದುಕೊಂಡು ನನ್ನ ಕಡೆ ತಿರುಗಿದ. “ವೈನಿ, ಕೊಡ್ತೀರೇನ್ರಿ?”

ಆ ಮನೆಯಲ್ಲಿ ಏನನ್ನಾದರೂ ಕೊಡುತ್ತೀಯಾ ಎಂದು ನನ್ನನ್ನು ಕೇಳಿದ್ದು ಅದೇ ಮೊದಲು. ಅಲ್ಲಿಯವರೆಗೆ ಎಲ್ಲವೂ ಕೇಳದೆಯೇ ಹೋಗುತ್ತಿತ್ತು, ಕೇಳದೆಯೇ ಬರುತ್ತಿತ್ತು. ಹಾಗಾಗಿ ಉತ್ತರ ಹೇಳುವ ಅಭ್ಯಾಸವೂ ನನಗಿರಲಿಲ್ಲ. ಅತ್ತೆಯ ಮುಖ ನೋಡಿದೆ. ಅವರು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದರು.

“ಕೊಡೂದಿಲ್ಲ,” ಎಂದೆ.

ಅತ್ತೆ ನನ್ನನ್ನು ದಾಟಿಕೊಂಡು ಒಳಗೆ ಹೋಗಿ, ಅವನಿಗೆ ಚಹಾ ಇಟ್ಟರು.